ಮಲಂಗಸಾಬನ ದನಿ

ಇಲ್ರಿ ಕಾಕಾ, ಕೂಡಂಗಿಲ್ಲ ನಾ. ಹೊತ್ತಿಲ್ಲ. ಚಾ ಬ್ಯಾಡ್ರಿ... ಒಳಗ ಕೈ ಮಾಡಬ್ಯಾಡ್ರಿ, ಒಳಗ ಯಾರದಾರ ಚಾ ಮಾಡಾಕ? ನಿಮ್ಮ ಸೊಸಿ ರೋಷನಬಿ ಅಕ್ಕ ಸಂತಿಗಿ ಹೋಗ್ಯಾಳ. ಕಮಲಾಪುರ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕಿದ್ಲು. ನನ್ನ ನೋಡಿ ಏನೋ ಹೇಳಾಕ ಬಂದ್ಲು. ನಾ ನಿಂದರ್ಲೇ ಇಲ್ಲ, ಆಮ್ಯಾಲ ಸಿಗ್ತೀನಿ ಅಕ್ಕಾ ಅಂತಂದು ಓಡಿ ಬಂದೀನಿ. ಆಟೋ ಸಿಗಲಿಲ್ಲ. ಬಾಳಿತೋಟದ ಬದುವಿನ ಮ್ಯಾಲ ನಡಕೋತ ಬಂದೀನಿ, ನೋಡ್ರಿ, ಚಪ್ಪಲ್ ಪೂರಾ ಕೆಸರು.

ನಾ ಹೇಳಿದ್ದು ಕೇಳಿಸ್ತಲ್ಲ ನಿಮಗ? ಮತ್ತೊಮ್ಮಿ ಹೇಳ್ತೀನಿ. ಇನ್ನ ಸ್ವಲ್ಪ ಹೊತ್ತಿಗಿ ನಮ್ಮ ಕಾಲೇಜಿನ ಕಾರು ಬರ್ತದ. ಅದರಾಗ ನಮ್ಮ ಗೈಡು ವಿವೇಕಾನಂದ ಸರ್ ಇರ್ತಾರ. ಹೊರಗಿಂದ ಬಂದ ಪರೀಕ್ಷಕರು ಒಬ್ಬರಿರ್ತಾರ. ನನ್ನ ಜೋಡಿ ಪ್ರಾಜೆಕ್ಟ್ ಮಾಡಿದ ಮದಿಹಾನೂ ಇರ್ತಾಳ. ಅವರೆಲ್ಲ ಇಲ್ಲಿ, ಈ ಹೊರಸಿನ ಮುಂದ ನಿಂತು, ನಿಮ್ಮ ಕೈಯಾಗ ಮೊಬೈಲ್ ಕೊಟ್ಟು, ಮಾತಾಡ್ರಿ ಮಲಂಗಸಾಬ ಅಂತಾರ. ನೀವು ಮಾತಾಡಬೇಕು. ಅಷ್ಟೇ ರೀ. ದಿನಾ ಬಸ್ ಸ್ಟ್ಯಾಂಡಿನ್ಯಾಗ ಆಡ್ತಿದ್ರಲ್ಲ, ಹಂಗ.

ಯಾಕ ಹಂಗ ನೋಡ್ತೀರಿ? ಗುರ್ತ ಸಿಗಲಿಲ್ಲೇನು? ಅಂಜನಾ ರೀ. ಕಲಬುರಗಿ ಐವಾನ್-ಎ-ಶಾಹಿ ಕಡಿಂದ ಬರ್ತಿದ್ದ ಹುಡುಗಿ. ‘ಡಬಲ್ ಡಿಗ್ರಿ ಬೇಟಿ’ ಅಂತ ನೀವೇ ಹೆಸರಿಟ್ಟಿದ್ರಿ... ಹಾಂ, ನಕ್ಕ್ರಿ. ಗುರ್ತ ಅದ. ಗುರ್ತಿದ್ದೂ ಮಾತಾಡವಲ್ರಿ. ಸಿಟ್ಟು. ಇರ್ಲಿ, ಸಿಟ್ಟಾಗ್ರಿ, ನಿಮ್ಮ ಹಕ್ಕದು. ಆದ್ರ ಇವತ್ತೊಂದಿನ ಬಿಡ್ರಿ ಕಾಕಾ. ನಾಳಿಂದ ಮತ್ತ ಶುರು ಮಾಡ್ರಿ, ನನ್ನ ಮಾರಿ ನೋಡಬ್ಯಾಡ್ರಿ, ತೋಟದಾಗ ಕಾಲಿಡಬ್ಯಾಡ ಅನ್ರಿ, ಕೇಳ್ತೀನಿ.

ಇದು ನಿಮಗ ಸಣ್ಣ ಮಾತು ಅನಸ್ತಿರಬೇಕು. ಕಾಲೇಜ್ ಹುಡುಗೀರ ಗದ್ದಲ ಅಂತ. ಆದ್ರ ಕೇಳ್ರಿ. ನಮ್ಮದು ವ್ಯಾಪಾರ, ಕಂಪ್ಯೂಟರ್, ಎರಡೂ ಕೂಡಿಸಿದ ಡಿಗ್ರಿ. ಮೂರು ವರ್ಷದ್ದು. ನಮ್ಮ ಕಾಲೇಜಿನ್ಯಾಗ ಹೊಸಾದು. ಅಪ್ಪ ಏನಂದಿದ್ದ ಗೊತ್ತದನು? ಬಿ.ಎ. ಮಾಡು, ಬಿ.ಎಡ್. ಮಾಡು, ಸಾಲಿ ಟೀಚರ್ ಆಗು, ಸುಮ್ನ ಎಲ್ಲೂ ಇಲ್ಲದ್ದು ಹುಡುಕಬ್ಯಾಡ. ನಾ ಕೇಳಲಿಲ್ಲ. ಊಟ ಬಿಟ್ಟು ಕೂತೆ. ಕಡೀಗಿ ಹೂಂ ಅಂದ. ಹೂಂ ಅಂದವ ಊರ ತುಂಬ ಹೇಳ್ಕೋತ ತಿರುಗಿದ, ನನ್ನ ಮಗಳು ಎರಡು ಡಿಗ್ರಿ ಮಾಡಾಕತ್ಯಾಳ ಅಂತ. ಎರಡಲ್ಲಪ್ಪಾ, ಎರಡೂ ಕೂಡಿ ಒಂದು ಅಂದ್ರ, ಅದ ಅಲ್ಲೇನು ಅಂತಿದ್ದ. ನಮ್ಮ ಕಾಕಾನ ಮಗಳ ಲಗ್ನದ ಕಾರ್ಡಿನ್ಯಾಗ ಬೀಗರ ಕಡೆಯವರು ಎಲ್ಲರ ಹೆಸರಿನ ಮುಂದ ಡಿಗ್ರಿ ಹಾಕಿಸಿದ್ರು. ನನ್ನ ಹೆಸರಿನ ಮುಂದ ಏನು ಹಾಕ್ಬೇಕು ಅಂತ ಅಪ್ಪಗ ತಿಳೀಲಿಲ್ಲ, ಪ್ರಿಂಟಿಂಗ್ ಪ್ರೆಸ್ಸಿನವ ತನಗ ತಿಳದಂಗ ಬಿ.ಕಾಂ., ಬಿ.ಇ. ಅಂತ ಎರಡೂ ಹೊಡದಾ. ಎಂಜಿನಿಯರ್ ಆಗೀಯಂತಲ್ಲವಾ ಅಂತ ಲಗ್ನದಾಗ ಎಲ್ಲರೂ ಕೇಳಿದ್ರು. ನಾ ಹಪ್ಪಳ ತಿನ್ಕೋತ ಹೂಂ ಅಂದೆ, ಏನ್ ಮಾಡ್ಲಿ?

ನಗ್ರಿ, ನಗ್ರಿ. ದನಿ ತೆಗದು ನಗ್ರಿ ಅಲ್ಲ... ಅದನ್ನೂ ಬಿಗಿ ಹಿಡೀತೀರಿ.

ಕಾಲೇಜಿನ್ಯಾಗೂ ಇದ ಹಣೆಬರ. ಕಂಪ್ಯೂಟರ್ ಲ್ಯಾಬಿಗಿ ಹೋದ್ರ ‘ಬಂದ್ರು ನೋಡು ದುಕಾನದವರು’ ಅಂತಾರ. ಕಾಮರ್ಸ್ ಕ್ಲಾಸಿಗಿ ಹೋದ್ರ ‘ನೀವು ಮಷೀನಿನವರು, ನಿಮಗ್ಯಾಕ ಬೇಕು ಇದು’ ಅಂತಾರ. ಕೂಡಾಕ ನಮ್ಮದು ಅಂತ ಒಂದು ಕ್ವಾಣಿ ಇಲ್ಲ. ಗ್ರಂಥಾಲಯದ ಹಿಂದಿನ ಪ್ಯಾಸೇಜಿನ್ಯಾಗ ಪಾಠ ಕೇಳೀವಿ. ಆದ್ರೂ ನನಗ ಭಾಳ ಸೇರಿತ್ತು ರೀ. ಖರೆ ಹೇಳ್ತೀನಿ. ಇದರಾಗ ಕಲ್ತದ್ದು ಅದರಾಗ ಹಚ್ಚಿ ನೋಡೋದು, ಅದರ ಮಜಾನೇ ಬ್ಯಾರೆ. ಅದಕ್ಕ ಅಲ್ಲೇನು ನಿಮ್ಮ ತನಕ ಬಂದದ್ದು. ಮೊಬೈಲಿನ್ಯಾಗ ರೈತರ ಮಾತು ಕೇಳಿ ಗಾಡಿ ಕಳಸೋ ಆ ‘ಕೂಗು’ ಆ್ಯಪ್ ಮಾಡಿದ್ದು ಅದಕ್ಕ.

ಈಗ ಆ ಕೋರ್ಸ್ ಮುಚ್ಚಾಕತ್ತಾರ ಕಾಕಾ. ನಮ್ಮ ಬ್ಯಾಚೇ ಕಡೀದು. ಹೊಸಾ ಹುಡುಗ್ರು ಸೇರಲಿಲ್ಲ, ಸಾಕು ಅಂದ್ರು. ನಾ ಈ ಪ್ರಾಜೆಕ್ಟಿನ್ಯಾಗ ಫೇಲ್ ಆದ್ರ ಮುಂದಿನ ವರ್ಷ ಬರೀತೀನಿ ಅನ್ನಾಕ ಮುಂದಿನ ವರ್ಷವೇ ಇಲ್ಲ. ಮೂರು ವರ್ಷ ಕಲ್ತದ್ದು ಹೊಳ್ಯಾಗ ಹೋದಂಗ. ಅರ್ಧ ವ್ಯಾಪಾರ, ಅರ್ಧ ಕಂಪ್ಯೂಟರ್, ಪೂರಾ ಯಾವುದೂ ಇಲ್ಲ. ವಿವೇಕಾನಂದ ಸರ್ ನಿನ್ನೆ ಕರದು ಖಡಾಖಡಿ ಹೇಳಿದ್ರು. ನೋಡಮ್ಮ, ಹೊರಗಿನವರು ಕಾಗದದ ಮ್ಯಾಲ ನಂಬಂಗಿಲ್ಲ, ರೈತನ ಬಾಯಿಂದ ಕೇಳಬೇಕಂತಾರ. ಅವ ಅವರ ಮುಂದ ಮಾತಾಡಿ ತೋರಿಸಿದ್ರ ನೀವಿಬ್ಬರೂ ಪಾಸ್. ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ಅವರ ಮಾತು ಇಷ್ಟೇ. ನಾ ಏನಂದೆ? ಚಿಂತಿ ಬ್ಯಾಡ್ರಿ ಸರ್, ಮಲಂಗಸಾಬ ಕಾಕಾಗ ಮಾತಾಡಾಕ ಹೇಳೋದೇ ಬ್ಯಾಡ, ನಿಲ್ಲಸಾಕ ಹೇಳಬೇಕು ಅಂದೆ. ಸರ್ ನಕ್ಕ್ರು.

ಸುಳ್ಳೇನು ಅದು? ನಿಮ್ಮಂಗ ಮಾತಾಡೋರು ಈ ಕಮಲಾಪುರದಾಗ ಯಾರಿದ್ರು? ಬೀದರ್ ಬಸ್ ನಿಂತ್ರ ಸಾಕು, ಡ್ರೈವರ್ ಇಳಿಯೋದರೊಳಗ ನಿಮ್ಮ ಕೂಗು ಕಿಡಕ್ಯಾಗಿಂದ ಒಳಗ. ‘ಲಾಲ್ ಬಾಳೀ... ಸಕ್ರಿ ಬಾಳೀ... ಬೀಗರ ಮನಿಗಿ ಬರೇ ಕೈಲೇ ಹೋಗ್ಬ್ಯಾಡ್ರೀ...’ ನಿದ್ದಿ ಹತ್ತಿದವರು ಎದ್ದು ಬಾಳಿಹಣ್ಣ ತಗೊಂತಿದ್ರು. ನಾವು ಮೊದಲ ಸಲ ಬಂದಾಗ ಮದಿಹಾ ಅಲ್ಲೇ ನಿಂತುಬಿಟ್ಟಿದ್ಲು. ಅಂಜನಾ, ನಮ್ಮ ಪ್ರಾಜೆಕ್ಟ್ ಸಿಕ್ತು ನೋಡು ಅಂದ್ಲು.

ನೆನಪದನು? ಉಳದ ತೋಟದವರೆಲ್ಲ ಮೊಬೈಲ್ ಮುಂದ ಮಾತಾಡಾಕ ನಾಚತಿದ್ರು. ಯಾರ ಜೋಡಿ ಮಾತಾಡ್ಲಿ, ಅದರಾಗ ಯಾರದಾರ ಅಂತಿದ್ರು. ನೀವೊಬ್ಬರೇ ತಗೊಂಡು ಕಿವಿಗಿ ಹಚ್ಚಿ ‘ಸಲಾಂ ಬೇಟಾ, ಆರಾಮ್ ಇದ್ದೀಯೇನು’ ಅಂತ ಅದನ್ನ ಕೇಳಿದ್ರಿ. ಅದು ‘ಎಷ್ಟು ಗೊನಿ? ಯಾವ ದಿನ?’ ಅಂತ ಕೇಳಿದ್ರ ನೀವು ಅದಕ್ಕ ನಿಮ್ಮ ಮೊಣಕಾಲಿನ ಬ್ಯಾನಿ ಹೇಳೀರಿ. ಮದಿಹಾ ತಲಿ ಮ್ಯಾಲ ಕೈ ಹೊತ್ತು ಕೂತ್ಲು. ಆಮ್ಯಾಲ ‘ಸಲಾಂ’ ಬಂದ್ರ ಅದನ್ನ ಬಿಟ್ಟು ಮುಂದ ಕೇಳು ಅಂತ ಪ್ರೋಗ್ರಾಮಿನ್ಯಾಗ ಬರದೀವಿ. ನಿಮಗಂತ ಬರದದ್ದು ಅದು.

ನಾವು ಅನಕೊಂಡಂಗ ಆಗಿದ್ರ ಎಲ್ಲಾ ಛಲೋ ನಡೀತಿತ್ತು. ಗೊನಿ ಕಡದವರು ಫೋನಿನ್ಯಾಗ ಕೂಗಬೇಕು. ಯಾರ ತೋಟದಾಗ ಎಷ್ಟು ಅದ, ಯಾವ ದಿನ ಕಡದದ್ದು, ಅದ ಲೆಕ್ಕ ಹಾಕಿ ಟೆಂಪೊದವಗ ತಿಳಿಸಬೇಕು. ಟೆಂಪೊ ಮಹಾಗಾಂವ ಮ್ಯಾಲಿಂದ ಎಲ್ಲಾ ಎತ್ಕೊಂಡು ಕಲಬುರಗಿ ಮಾರ್ಕೆಟ್ಟಿಗಿ ಮುಟ್ಟಿಸಬೇಕು. ಗೊನಿ ಬಿಸಲಾಗ ಬಿದ್ದು ಕಾಯಬಾರದು. ಇದರಾಗ ತಪ್ಪೇನಿತ್ತು?

ಹೂಂ. ಆ ಒಂದು ಮಾತು. ಅದಕ್ಕ ಬರ್ತೀರಿ ಅಂತ ಗೊತ್ತಿತ್ತು. ಬೆರಳು ಮಡಚಬ್ಯಾಡ್ರಿ, ನಾನೇ ಹೇಳ್ತೀನಿ.

ಕಲ್. ‘ಕಲ್ ಗೊನಿ ಕಡದೀನಿ ಬೇಟಾ, ಗಾಡಿ ಕಳಸು.’ ನೀವು ಹೇಳಿದ್ದು ಸರಿ ಇತ್ತು. ನಿನ್ನೆ ಕಡದೀನಿ, ಇವತ್ತು ಗಾಡಿ ಕಳಸು. ಸಣ್ಣ ಕೂಸಿಗೂ ತಿಳೀತದ. ‘ಕೂಗು’ಗೆ ತಿಳೀಲಿಲ್ಲ. ಅದು ಕಲ್ ಅಂದ್ರ ನಾಳೆ ಅಂತ ತಿಳಕೊಂಡು, ನಾಳೆ ಕಡೀತಾನ, ನಾಡದ್ದು ಗಾಡಿ ಅಂತ ಟೆಂಪೊದವಗ ಹೇಳ್ತು. ನೀವು ರಸ್ತಾದ ಬದೀಗಿ ಗೊನಿ ಒಟ್ಟಿ ಕೂತ್ರಿ. ಅವತ್ತು ಬರಲಿಲ್ಲ. ಮರುದಿನ ಬರಲಿಲ್ಲ. ಆ ಬಿಸಲಿನ್ಯಾಗ... ನಾ ಆಮ್ಯಾಲ ನೋಡಿದ್ನಲ್ಲ, ಕರ್ರಗಾಗಿ ಸಿಪ್ಪಿ ಸೀಳಿ, ಮ್ಯಾಲ ನೊಣ. ಆ ಹಣ್ಣ ಜಹೀರುದ್ದೀನ್ ಸೇಠ್ ಮನಿ ಶಾದಿಗಿ ಹೋಗಬೇಕಿತ್ತು. ಸೇಠಗ ನೀವು ಜಬಾನ್ ಕೊಟ್ಟಿದ್ರಿ, ಮಾತು ಅಂದ್ರ ಮಾತು. ಅವರಪ್ಪನ ಕಾಲದಿಂದ ನಿಮ್ಮ ತೋಟದ್ದೇ ಅವರಿಗಿ. ಅವತ್ತಿನಿಂದ ಬ್ಯಾರೆಯವರ ಕಡೆ ತಗೊಳಾಕತ್ತಾರ, ಅದೂ ಗೊತ್ತದ ನನಗ.

ನೀವು ಅವತ್ತು ಆ ಹಣ್ಣ ದನಕ್ಕ ಹಾಕೋತ ಕೂತಿದ್ರಿ. ಬೈದಿದ್ರ ಛಲೋ ಇತ್ತು.

ಅದು ಮದಿಹಾನ ತಪ್ಪಲ್ಲ. ಉರ್ದು ಆಕಿ ಮನಿ ಮಾತು. ಪ್ರೋಗ್ರಾಮಿನ್ಯಾಗ ಪದಗಳೆಲ್ಲ ಬರಿವಾಗ ನಾ ಕೇಳಿದ್ದೆ, ಕಲ್ ಅಂದ್ರ ಏನು ಹಾಕ್ಲಿ? ಆಕಿ ನಿನ್ನೇನೂ ಹೌದು, ನಾಳೇನೂ ಹೌದು, ಹಿಂದಿನ ಮಾತು ನೋಡಿ ತಿಳಕೊಬೇಕು ಅಂದ್ಲು. ನಾ ನಕ್ಕೆ. ಎಲ್ಲಿಯಾರ ನಿನ್ನೆ, ನಾಳೆ ಒಂದೇ ಆಗ್ತದೇನು? ನಮಗ ನಿನ್ನೆ ಅಂದ್ರ ನಿನ್ನೆ, ನಾಳೆ ಅಂದ್ರ ನಾಳೆ. ಆಮ್ಯಾಲ ನೋಡೂಣು ಅಂತಂದು ‘ನಾಳೆ’ ಅಂತ ಒಂದೇ ಹಾಕಿ ಮುಂದ ಹೋದೆ. ಆಮ್ಯಾಲ ನೋಡಲಿಲ್ಲ. ಇಷ್ಟೇ ಆಗಿದ್ದು. ನಿಮ್ಮ ಮುಂದ ಒಪ್ಪಿಕೊಂಡೀನಿ, ಈಗಾರ ಮಾತಾಡ್ರಿ.

...ಇಲ್ಲ? ತಲಿ ಅಲ್ಲಾಡಸ್ತೀರಿ. ಇನ್ನೂ ಇಲ್ಲ?

ಕಾಕಾ, ನಾ ಬರಲಿಲ್ಲ ಅಂತ ಸಿಟ್ಟೇನು? ಪರೀಕ್ಷಾ ಇದ್ವು ರೀ. ಪರೀಕ್ಷಾ ಇಲ್ಲದಾಗೂ ಬರಲಿಲ್ಲ, ಹೌದು. ಮಾರಿ ತೋರಿಸಾಕ ಆಗಲಿಲ್ಲ. ಬಸ್ ಹತ್ತಿ ಮಹಾಗಾಂವ ತನಕ ಬಂದು, ಅಲ್ಲೇ ಇಳದು ಹೊಳ್ಳಿ ಹೋಗೀನಿ ಒಮ್ಮಿ. ಆದ್ರ ಫೋನ್ ಮಾಡ್ತಿದ್ದೆ! ನೀವು ಎತ್ತತಿದ್ರಿ. ಎತ್ತಿ ಸುಮ್ನ ಇರ್ತಿದ್ರಿ. ಉಸುರು ಕೇಳಸ್ತಿತ್ತು ನನಗ. ಹಲೋ ಕಾಕಾ, ಹಲೋ ಅಂತ ಒದರಿದ್ರೂ ಹೂಂ ಇಲ್ಲ, ಹಾಂ ಇಲ್ಲ. ಅದಕ್ಕಿಂತ ಫೋನ್ ಎತ್ತದಿದ್ರ ಛಲೋ ಇತ್ತಲ್ಲ. ಒಮ್ಮಿ ನನಗೂ ಸಿಟ್ಟು ಬಂತು. ಏನೋ ಅಂದೆ... ಇಷ್ಟು ಸೊಕ್ಕು ಇರಬಾರದು ವಯಸ್ಸಾದವರಿಗಿ, ಅಂದೆ. ತಪ್ಪಾತು. ಅದನ್ನೂ ಬಿಡ್ರಿ ಇವತ್ತು.

ಈಗ ಕೇಳ್ರಿ, ಅವರು ಬಂದ ಮ್ಯಾಲ ಏನ್ ಹೇಳಬೇಕಂತ. ಹೌದ್ರಿ ಸಾಹೇಬ್ರ, ವಾರಕ್ಕೊಮ್ಮಿ ನಾ ಇದರಾಗ ಮಾತಾಡ್ತೀನಿ, ಗಾಡಿ ಬರ್ತದ, ಆರಾಮ್ ಆಗ್ಯದ, ಅಂತ. ಆಮ್ಯಾಲ ಫೋನಿನ್ಯಾಗ ‘ಸಲಾಂ ಬೇಟಾ, ಕಲ್ ಗೊನಿ ಕಡದೀನಿ’ ಅನ್ನಬೇಕು. ಈಗ ಅದು ನಿನ್ನೆ ಅಂತ ಬರೋಬ್ಬರಿ ತಿಳಕೊಂತದ. ರಿಪೇರಿ ಮಾಡೀನಿ. ಬೇಕಂದ್ರ ಈಗ ಒಮ್ಮಿ ಹೇಳಿ ನೋಡ್ರಿ.

ಹುಬ್ಬು ಯಾಕ ಏರಸ್ತೀರಿ? ವಾರಕ್ಕೊಮ್ಮಿ ಅಂದದ್ದಕ್ಕೇನು? ಅದು... ರಿಪೋರ್ಟಿನ್ಯಾಗ ಹಂಗ ಅದ ರೀ. ಮೊದಲ ಮಾತಾಡ್ತಿದ್ರಲ್ಲ. ನಡುವ ಬಿಟ್ಟದ್ದು ಯಾರು ಕೇಳ್ತಾರ? ಉಳದವರೆಲ್ಲ ಆ ಗೊನಿ ಹಾಳಾದದ್ದು ಕೇಳಿ ಬಿಟ್ಟು ಹೋದ್ರು. ಸರ್ ಏನಂದ್ರು, ಒಬ್ಬನೇ ರೈತ ಇದ್ರೂ ಸಾಕು, ಹಂಗಾಮು ಪೂರಾ ಮಾತಾಡಿರಬೇಕು ಅಂದ್ರು. ಒಬ್ಬರು ಅಂದ್ರ ನೀವೇ. ಅದಕ್ಕ ನಿಮ್ಮ ಹೆಸರಿನ್ಯಾಗ ಎಲ್ಲಾ ಅದ. ಹೆಂಗ ಅದ, ಯಾಕ ಅದ ಅದೆಲ್ಲ ಕಂಪ್ಯೂಟರಿನ ಮಾತು, ನಿಮಗ ಬ್ಯಾಡ. ಹಾಂ, ಮದಿಹಾ ಅಂತಿದ್ಲು, ಕಾಕಾನ ಉರ್ದು ಈಚೀಗಿ ಭಾಳ ಕೆಟ್ಟದಲ್ಲ, ನಿನ್ನಂಗ ಮಾತಾಡಾಕತ್ತಾರ ಅಂತ. ನಗ್ತಿದ್ಲು. ನಾನೂ ನಕ್ಕೆ.

ನೋಡ್ರಿ, ಹೊತ್ತಿಲ್ಲ. ಹಿಡೀರಿ ಇದನ್ನ. ಕೆಂಪು ದೀಪ ಹತ್ತೇದ, ಈಗ ಮಾತಾಡ್ರಿ. ಸಲಾಂ ಅಂದ್ರೂ ನಡೀತದ. ನಿಮ್ಮ ಕಾಲಿಗಿ ಬೀಳ್ತೀನಿ ಕಾಕಾ... ಬಿಡ್ರಿ, ಎಬ್ಬಸಬ್ಯಾಡ್ರಿ, ಹಿಂಗ ಇರ್ತೀನಿ. ನಾ ಮನಿಗಿ ಹೋಗಿ ಏನ್ ಹೇಳ್ಲಿ? ಅಪ್ಪ ಇವತ್ತು ರಜಾ ಹಾಕ್ಯಾನ. ಸಂಜೀಕ ಪೇಢೆ ತರ್ತೀನಿ ಅಂದಾನ. ಮದಿಹಾ ಪಾಪ ಏನ್ ಮಾಡ್ಯಾಳ? ಆಕಿದೂ ನನ್ನ ಜೋಡಿ ಮುಳಗ್ತದ. ಒಂದು ಸಲಾಂ ನಿಮಗ ಇಷ್ಟು ಭಾರ ಆತೇನು? ಹಾದಿ ಮ್ಯಾಲ ಹೋಗೋ ಬಸ್ಸಿನವರಿಗೆಲ್ಲ ಕೂಗಿ ಕೂಗಿ ಹೇಳೋರು, ನಾ ಕೇಳಿದ್ರ ಬಾಯಿ ಕಟ್ಕೋತೀರಿ. ಕಲ್ಲಾದ್ರೂ ಇಷ್ಟೊತ್ತಿಗಿ...

ಹಾಂ. ಹಾಂ, ತಗೊಳ್ರಿ. ಬಾಯಿ ಹತ್ರ ಹಿಡೀರಿ. ಹೇಳ್ರಿ... ಹೇಳ್ರಿ ಕಾಕಾ.

ಏನಂದ್ರಿ?

ಇನ್ನೊಮ್ಮಿ. ಗಾಳಿ ಬಂತು ಬರೇ. ತುಟಿ ಅಲ್ಲಾಡಿದ್ವು, ದನಿ ಬರಲಿಲ್ಲ. ಜೋರಾಗಿ ಹೇಳ್ರಿ. ‘ಕೂಗು’ ಕೇಳಸಂಗಿಲ್ಲ ಅನ್ನಾಕತ್ತದ.

ಕಾಕಾ? ಆ ಕರವಸ್ತ್ರ ಯಾಕ ಬಿಚ್ಚಾಕತ್ತೀರಿ ಕೊಳ್ಳಿಂದು, ನಾ ಏನ್... ಅಯ್ಯ. ಅಯ್ಯಯ್ಯ ಕಾಕಾ. ಏನದು? ಕೊಳ್ಳಾಗ ತೂತು... ಅಲ್ಲಿಂದ ಉಸುರಾಡ್ತೀರೇನು? ಮುಚ್ಚಿಕೊಳ್ರಿ, ಮುಚ್ಚಿಕೊಳ್ರಿ, ಧೂಳು ಹೋಗ್ತದ... ಆಪರೇಷನ್ನು? ಗಂಟ್ಲಾಗ ಗಡ್ಡಿ ಆಗಿತ್ತು? ಹೂಂ. ತುಟಿ ಮ್ಯಾಲ ನೋಡಿದ್ರ... ಹೈದರಾಬಾದಿನ್ಯಾಗ? ದನಿ ಪೆಟ್ಟಿಗಿ ಪೂರಾ ತೆಗದುಬಿಟ್ಟಾರೇನು ರೀ? ಮತ್ತ ಬರಂಗೇ ಇಲ್ಲ ದನಿ?

ರೋಷನಬಿ ಅಕ್ಕ ಇದನ್ನ ಹೇಳಾಕ ಬಂದಿದ್ಲು. ನಾ ಓಡಿ ಬಂದೆ.

ಯಾವಾಗ ಆತು? ಬೆರಳಿಲೆ ಏನು ಬರದ್ರಿ ಗಾಳ್ಯಾಗ... ಚಂದ್ರ? ರಂಜಾನ್ ಚಂದ್ರ? ರಂಜಾನಕ್ಕ? ಅದಕ್ಕೂ ಮೊದಲಾ?

ಅಂದ್ರ ನಾ ಫೋನ್ ಮಾಡಿದಾಗೆಲ್ಲ... ನೀವು ಎತ್ತಿ ಕೇಳ್ತಿದ್ರಿ. ಹೇಳಾಕ ಆಗ್ತಿರಲಿಲ್ಲ. ನಾ ಸೊಕ್ಕು ಅಂದೆ. ನೀವು ಕೇಳ್ಕೋತ ಇದ್ರಿ. ಆದ್ರೂ ಮತ್ತ ಎತ್ತಿದ್ರಿ.

ತಲಿ ಸವರಬ್ಯಾಡ್ರಿ ನಂದು. ಹಂಗ ಮಾಡಬ್ಯಾಡ್ರಿ ಕಾಕಾ, ನಾ ಅದಕ್ಕ ಲಾಯಕ್ ಇಲ್ಲ. ಸಿಟ್ಟೇ ಇದ್ದಿಲ್ಲೇನು ನಿಮಗ? ಆ ಗೊನಿದು? ಕೈ ಒದರಿಬಿಟ್ರಿ... ಅದು ಹೋದದ್ದು ಹೋತು ಅಂತೀರಿ. ನಾ ಇಷ್ಟು ದಿನ ಅದನ್ನ ಹೊತ್ಕೊಂಡು...

ಏನು? ಫೋನಾ? ಫೋನ್ ತೋರಿಸ್ತೀರಿ, ಕಿವಿ ಮುಟ್ತೀರಿ. ನಿಧಾನ ಮಾಡ್ರಿ, ತಿಳೀವಲ್ದು. ಫೋನು... ನಿಮ್ಮ ಕೊಳ್ಳು... ಇದರಾಗ? ಇದರಾಗ ನಿಮ್ಮ ದನಿ ಅದ ಅಂತೀರೇನು?

ಹೂಂ. ಅದ... ಇತ್ತು. ಹೌದು, ನೀವು ಮಾತಾಡಿದ್ದೆಲ್ಲ ಉಳಕೊಂತದ ಅಂತ ನಾನೇ ಹೇಳಿದ್ದೆ ನಿಮಗ. ಕೇಳಸಬೇಕಾ? ಈಗ? ಈಗ ಬ್ಯಾಡ್ರಿ. ಚಾರ್ಜ್ ಕಮ್ಮಿ ಅದ. ಇಲ್ಲಿ ನೆಟ್‌ವರ್ಕ್ ಸಿಗಂಗಿಲ್ಲ. ಆಮ್ಯಾಲ ಕೇಳಸ್ತೀನಿ, ಮತ್ತೊಂದಿನ ಬಂದು ಪೂರಾ ಕೇಳಸ್ತೀನಿ. ಕಾರು ಬಂತೇನೋ ನೋಡ್ತೀನಿ ತಡೀರಿ... ರಟ್ಟಿ ಬಿಡ್ರಿ ಕಾಕಾ.

ಮನ್ಯಾಗ ಯಾರ ಮೊಬೈಲಿನ್ಯಾಗೂ ನಿಮ್ಮ ದನಿ ಇಲ್ಲ? ಒಂದು ಲಗ್ನದ ವೀಡಿಯೊದಾಗೂ ಇಲ್ಲೇನು? ಇಲ್ಲ. ಯಾರೂ ಹಿಡಿದಿಟ್ಟಿಲ್ಲ. ಹೌದಲ್ಲ, ದಿನಾ ಕೇಳೋ ದನಿ ಯಾರು ಹಿಡಿದಿಡ್ತಾರ.

ಕಣ್ಣು ಮುಚ್ಚಿದ್ರಾ? ಫೋನ್ ಕಿವಿಗಿ ಹಚ್ಚಿಕೊಂಡೇ ಕೂತ್ರಿ.

...ಕೇಳಸ್ತೀನಿ. ಒಂದೇ ಸಲ. ಹೋದ ವಾರದ್ದು ಇದು. ಕೇಳ್ರಿ.

ಬಂತಾ? ‘ಸಲಾಂ ಬೇಟಾ...’ ಹೂಂ. ಹಂಗ ಅಂತಿದ್ರಿ ನೀವು. ಮುಗೀತು ಕೊಡ್ರಿ. ಮತ್ತೊಮ್ಮಿ ಯಾಕ? ಒಂದೇ ಸಲ ಅಂದಿದ್ದೆ... ಆತು, ಮತ್ತೊಮ್ಮಿ. ಯಾಕ ನಗಾಕತ್ತೀರಿ? ಕಣ್ಣಾಗ ನೀರು ಬಂದು ನಗ್ತೀರಿ. ಕಾಕಾ, ಅಳಬ್ಯಾಡ್ರಿ. ತನ್ನ ದನಿ ತಾನು ಕೇಳಿದ್ರ ಎಲ್ಲರಿಗೂ ಹಂಗ ಅನಸ್ತದ, ಬ್ಯಾರೆಯವರದ್ದು ಅನಸ್ತದ, ಹೌದ್ರಿ... ಹಂಗ ಅನಸೇ ಅನಸ್ತದ.

ಆ ಸಪ್ಪಳ. ಕಾರು ಬಂತು. ತೋಟದ ಬಾಗಲಾಗ ನಿಂತದ. ವಿವೇಕಾನಂದ ಸರ್ ಇಳ್ಯಾಕತ್ತಾರ, ಆ ಟೋಪಿ ಹಾಕ್ಕೊಂಡವರೇ ಹೊರಗಿನವರು. ಕಾಕಾ, ಫೋನ್ ಕೊಡ್ರಿ. ಯಾಕ ಏಳ್ತೀರಿ? ಎಲ್ಲಿಗಿ ಹೊಂಟ್ರಿ? ಕೈ ಎತ್ತಿ ಕರೀಬ್ಯಾಡ್ರಿ ಅವರನ್ನ! ಏನ್ ಮಾಡ್ತೀರಿ... ಅವರಿಗಿ ಕೇಳಸ್ತೀರಾ? ನಾ ಮಾತಾಡೀನಿ ನೋಡ್ರಿ ಅಂತ ಅವರಿಗಿ ತೋರಿಸ್ತೀರಾ? ನನ್ನ ಸಲುವಾಗಿ?

ಬ್ಯಾಡ್ರಿ. ಅದರ ಮ್ಯಾಲ ತಾರೀಕು ಅದ. ಹೋದ ವಾರದ್ದು. ನೀವು ಬಾಯಿ ತೆಗೀದಿದ್ರ ಸಾಕು, ಅವರಿಗಿ ಎಲ್ಲಾ ತಿಳೀತದ. ರಂಜಾನಕ್ಕಿಂತ ಮೊದಲ ದನಿ ಹೋದವರು ಹೋದ ವಾರ ಮಾತಾಡಿದ್ದು ಹೆಂಗ ಅಂತ... ನೀವೂ ನಿಂತ್ರಿ. ಬೆರಳು ಮಡಚಾಕತ್ತೀರಿ. ರಂಜಾನ್... ಈದ್... ಹೋದ ವಾರ.

ಹಂಗ ನೋಡಬ್ಯಾಡ್ರಿ ನನ್ನ.

ನಾನೇ ಕಾಕಾ. ನಿಮ್ಮಂಗ ನಾನೇ ಮಾತಾಡೀನಿ. ವಾರ ವಾರ, ಮನಿ ಮಾಳಗಿ ಮ್ಯಾಲ ಕೂತು. ಕಂಪ್ಯೂಟರಿನ್ಯಾಗ ಹಾಕಿ ದನಿ ದಪ್ಪ ಮಾಡೀನಿ, ವ್ಯಾಪಾರದ ಪಾಠದಾಗ ಕಲ್ತಂಗ ರಿಪೋರ್ಟಿನ್ಯಾಗ ಗೊನಿ ಲೆಕ್ಕದ ಗೆರಿ ಮ್ಯಾಲ ಏರಿಸೀನಿ. ಎರಡೂ ಕೂಡಿಸಿ ಕಲ್ತದ್ದು ಅಲ್ಲೇ ಕೆಲಸಕ್ಕ ಬಂತು. ನೀವು ಸಿಟ್ಟಿಲೆ ಮಾತಾಡವಲ್ರಿ, ಇಂದಿಲ್ಲ ನಾಳೆ ಮಾತಾಡೇ ಆಡ್ತೀರಿ, ಅಲ್ಲೀತನಕ ನಾ ಸಂಭಾಳಸ್ತೀನಿ ಅಂತ... ಹಂಗ ಅನಕೊಂಡೆ.

ಇಲ್ರಿ. ನಿಮ್ಮ ಮೊದಲಿನ ದನಿ ಹುಡುಕಬ್ಯಾಡ್ರಿ ಅದರಾಗ. ಮ್ಯಾಲ ಹೋದ್ರೂ ಇಲ್ಲ, ಕೆಳಗ ಹೋದ್ರೂ ಇಲ್ಲ. ಗೊನಿ ಹಾಳಾದದ್ದು ಹೆಂಗ ಅಂತ ಸರ್ ಕೇಳ್ತಾರಂತ ಹೆದರಿ ‘ಕಲ್’ ಅಂದದ್ದು ಅಳಿಸಿದೆ. ಅದೊಂದೇ ಅಳಿಸಿದ್ರ ಸಂಶಯ ಬರ್ತದಂತ ಉಳದದ್ದೂ ಅಳಿಸಿದೆ. ಸಲಾಂ ಅಂದದ್ದು, ಮೊಣಕಾಲಿನ ಬ್ಯಾನಿ ಹೇಳಿದ್ದು, ಒಂದಿನ ಸುಮ್ನ ಖುಷೀಲೆ ಬಸ್ ಸ್ಟ್ಯಾಂಡಿನ ಕೂಗು ಪೂರಾ ಕೂಗಿದ್ರಲ್ಲ, ಅದೂ.

ಸರ್ ಬಂದ್ರು. ಹೇಳ್ತೀನಿ ಅವರಿಗೂ, ಈಗೇ ಹೇಳ್ತೀನಿ. ಫೋನ್ ಕಿವೀಲಿಂದ ತೆಗೀರಿ ಕಾಕಾ. ನಿಮ್ಮದು ಒಂದೂ ಇಲ್ಲ ಅದರಾಗ.